ಎರಡು ಪುಟದ ಸುಳ್ಳು

ಇರುವೆಗಳ ಬೆನ್ನಿಗೆ ಬಣ್ಣದ ಚುಕ್ಕಿ ಇಡುವುದು ಒಂದು ಕಾಲಕ್ಕೆ ಅವಳ ಕೆಲಸವಾಗಿತ್ತು. ಯಾವ ಇರುವೆ ಎಲ್ಲಿಗೆ ಹೋಯಿತು, ಯಾವುದು ಗೂಡಿನಲ್ಲೇ ಸೋಮಾರಿಯಾಗಿ ಬಿದ್ದುಕೊಂಡಿತ್ತು ಎಂದು ತಿಳಿಯಬೇಕಾದರೆ ಪ್ರತಿಯೊಂದಕ್ಕೂ ಒಂದು ಗುರುತು ಬೇಕಲ್ಲ? ಕೂದಲೆಳೆಯಂಥ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಓಡುವ ಇರುವೆಯ ಬೆನ್ನ ಮೇಲೆ ಒಂದು ಹಳದಿ, ಒಂದು ನೀಲಿ ಇಟ್ಟುಬಿಡುತ್ತಿದ್ದಳು. ಹಾಗಾಗಿ ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಚುಕ್ಕಿಯೇ.

ಮಗಳು ಹುಟ್ಟಿದ ಮೇಲೆ ಆ ಕೆಲಸ ಬಿಟ್ಟಳು. ಆಮೇಲೆ ಸಿಕ್ಕಿದ್ದು ಹಳೆಯ ಗುರುಗಳ ಮುಂದೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ಮನೆಮನೆಗೆ ಹೋಗಿ ಜಿರಳೆ, ಗೆದ್ದಲು, ಇರುವೆಗಳಿಗೆ ಔಷಧಿ ಹೊಡೆಯುವ ಕಂಪನಿಯಲ್ಲಿ ಫೋನೆತ್ತುವ ಕೆಲಸ.

"ಅನ್ನ ಕೊಟ್ಟ ಇರುವೆಗೇ ವಿಷ ಹಾಕಿಸ್ತಿದೀಯಲ್ಲೇ!" ಎಂದು ಅತ್ತೆ ಕಿಚಾಯಿಸುತ್ತಿದ್ದರು. ಈ ಅತ್ತೆ ನಿವೃತ್ತ ಬಸ್ ಕಂಡಕ್ಟರು. ಟಿಕೆಟ್ ತಗೊಳ್ಳದೆ ನಿದ್ದೆ ನಟಿಸುವವರನ್ನು ಎಬ್ಬಿಸಿ ಎಬ್ಬಿಸಿ ಅವರ ದನಿಯೇ ಗಂಟೆಯಂತಾಗಿತ್ತು. "ಪಿಎಚ್.ಡಿ. ಮಾಡ್ತೀನಿ, ಮಾಡ್ತೀನಿ ಅಂತ ಇನ್ನೂ ಎಷ್ಟು ವರ್ಷ ಬಾಯಲ್ಲೇ ಮಾಡ್ತೀಯ? ಮಗು ನಾನು ನೋಡ್ಕೋತೀನಿ, ಅರ್ಜಿ ಹಾಕು" ಎಂದು ಅವಳ ಬೆನ್ನು ಹತ್ತಿದವರೂ ಅವರೇ.

ಅರ್ಜಿಯೆಲ್ಲ ಸಲೀಸಾಗಿ ಮುಗಿಯಿತು. ಕೊನೆಯಲ್ಲಿ ಕಾಲಿಗೆ ತೊಡರಿಕೊಂಡದ್ದು ಶಿಫಾರಸು ಪತ್ರ. ಹಿಂದೆ ಯಾರ ಕೈಕೆಳಗೆ ಸಂಶೋಧನೆ ಮಾಡಿದ್ದಳೋ ಅಂಥ ಇಬ್ಬರು ಬರೆದು ಕಳಿಸಬೇಕು. ಅವಳ ಪಾಲಿಗೆ ಇದ್ದದ್ದೇ ಇಬ್ಬರು. ಒಬ್ಬರು ರಾಣಿ ಇರುವೆಗಳನ್ನು ಅಭ್ಯಾಸ ಮಾಡುವ ರಾಣಿ ಮೇಡಂ. ಇನ್ನೊಬ್ಬರು ಇರುವೆಗಳು ದಾರಿ ಹಿಡಿಯುವ ಬಗೆಯನ್ನು ನೋಡುವ ದಾರಿ ಸರ್. ಇಬ್ಬರೂ ಸೇರಿ ಕಟ್ಟಿದ ಪ್ರಯೋಗಾಲಯ ಅದು. ಯಾವುದೋ ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬಲ್ಲಿ ಮಾತು ಮುರಿದುಬಿದ್ದು, ಅಂದಿನಿಂದ ಒಬ್ಬರಿಗೊಬ್ಬರು ಮಾತಿಲ್ಲ, ಕತೆಯಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥ ಸ್ಥಿತಿ. ಒಂದೇ ಮೇಜಿನ ಆಚೆಈಚೆ ಕೂತು, "ಫ್ರಿಜ್ಜಿನಲ್ಲಿರೋ ನನ್ನ ಡಬ್ಬಿ ಮುಟ್ಟಿದ್ರೆ ಕೈ ಮುರೀತೀನಿ ಅಂತ ಅವರಿಗೆ ಹೇಳು" ಎಂದು ಮೇಡಂ ಅನ್ನುವರು. ಚುಕ್ಕಿ ಅರ್ಧ ತಿರುಗಿ, "ಸರ್, ಆ ಡಬ್ಬಿ ಸ್ವಲ್ಪ ಜೋಪಾನ ಅಂತೆ" ಅನ್ನುವಳು. ಮೂರು ವರ್ಷ ಹಾಗೇ ನಡೆದಿತ್ತು.

ಇಬ್ಬರಿಗೂ ಮೇಲ್ ಹಾಕಿದಳು. "ಅವರೂ ಬರೆಯುತ್ತಾರೇನು? ಹಾಗಿದ್ದರೆ ನನ್ನದು ಯಾಕೆ?" ಎಂದು ಮೇಡಂ ಉತ್ತರಿಸಿದರು. ಸರ್ ಕಡೆಯಿಂದ ಸದ್ದೇ ಇಲ್ಲ.

"ದೂರದಿಂದ ಕೇಳಿದ್ರೆ ಯಾರೂ ಕೊಡಲ್ಲ ಕಣೇ. ಪಕ್ಕದಲ್ಲಿ ಹೋಗಿ ನಿಂತ್ಕೋಬೇಕು" ಅಂದರು ಅತ್ತೆ, ಅನುಭವದಿಂದ.

ರಜೆ ಹಾಕಿ ಹೋದಳು. ಮೇಡಂ ಕೋಣೆ ಹಾಗೇ ಇತ್ತು. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಡಬ್ಬಿಗಳು, ಹತ್ತಿಯಿಂದ ಬಾಯಿ ಮುಚ್ಚಿದ ಸಕ್ಕರೆ ನೀರಿನ ಕೊಳವೆಗಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದ ಮೇಡಂ ತಲೆಯೆತ್ತಲಿಲ್ಲ.

"ಮೇಡಂ, ನಾನು ಚುಕ್ಕಿ."

"ಗೊತ್ತು. ಬೆಳಕಿಗೆ ಅಡ್ಡ ನಿಲ್ಲೋ ಅಭ್ಯಾಸ ಇನ್ನೂ ಹೋಗಿಲ್ಲ. ಆ ಮನುಷ್ಯ ಏನಂದ್ರು?"

ಆ ಮನುಷ್ಯ ಏನೂ ಅಂದಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಚುಕ್ಕಿಯ ನಾಲಿಗೆಯ ಮೇಲೆ ಅದ್ಯಾವ ತುಂಟ ದೇವತೆ ಬಂದು ಕೂತಿತೋ!

"ಎರಡು ಪುಟ ಬರೀತೀನಿ ಅಂದ್ರು ಮೇಡಂ."

ಮೇಡಂ ತಲೆ ಈಗ ಮೇಲೆ ಬಂತು. "ಎರಡು ಪುಟ? ಬೆಳಗ್ಗೆ ಹಾಕಿದ ಚಪ್ಪಲಿ ಸಂಜೆಗೆ ನೆನಪಿರಲ್ಲ ಅವರಿಗೆ. ನಿನ್ನ ಬಗ್ಗೆ ಏನು ಗೊತ್ತು ಅಂತ ಬರೀತಾರೆ? ಕೆಲಸ ಕಲಿತಿದ್ದು ಯಾರ ಹತ್ರ?"

"ನಿಮ್ಮ ಹತ್ರಾನೇ ಮೇಡಂ."

"ಮೂರು ಬರೀತೀನಿ. ಹೋಗು."

ಹೊರಗೆ ಬಂದಳು. ಹೇಳಿದ ಸುಳ್ಳು ತಣ್ಣಗಾಗುವ ಮೊದಲೇ ಅದನ್ನು ನಿಜ ಮಾಡಬೇಕಿತ್ತು. ಬಿರಬಿರನೆ ಮೊಗಸಾಲೆಯ ಆ ತುದಿಗೆ ನಡೆದಳು. ದಾರಿ ಸರ್ ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಸುಳಿದ್ದರು. ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಆ ಪಾದಗಳನ್ನೇ ಉದ್ದೇಶಿಸಿ ಮಾತಾಡಿದಳು.

"ಸರ್, ಮೇಲ್ ಹಾಕಿದ್ದೆ..."

"ನೋಡ್ದೆ ನೋಡ್ದೆ. ಅವರೇ ಬರೀತಾರಲ್ಲಮ್ಮ, ನಂದೇನು ವಿಶೇಷ?"

"ಅವರು ಮೂರು ಪುಟ ಬರೀತಿದಾರೆ ಸರ್."

ಈ ಮಾತು ಮಾತ್ರ ಅಪ್ಪಟ ನಿಜ. ಮೇಜಿಗೆ ತಲೆ ಢಣ್ಣನೆ ಬಡಿಯಿತು. ನೆತ್ತಿ ಉಜ್ಜಿಕೊಳ್ಳುತ್ತ ಸರ್ ಹೊರಬಂದರು. "ಮೂರಾ! ಹೊಗಳೋಕೆ ಕೈಲಾಗದವರು ಮೂರು ಪುಟದಲ್ಲಿ ಏನು ಮಾಡ್ತಾರೆ? ಇರಲಿ, ನಾನು ಬರೀತೀನಿ. ಈಗೇನು ಕೆಲಸ ನಿಂದು?"

ತಪ್ಪಿಸಿಕೊಳ್ಳಲು ಆಗದೆ ಹೇಳಿದಳು. ಸರ್ ಮುಖ ಗಂಭೀರವಾಯಿತು. ಎದ್ದು ಹೋಗಿ ಬಾಗಿಲು ಹಾಕಿದರು. ಮುಗೀತು ಕತೆ ಎಂದುಕೊಂಡಳು ಚುಕ್ಕಿ.

"ಇರುವೆಗೂ ಹೊಡೀತೀರಾ?" ಎಂದು ಪಿಸುಗುಟ್ಟಿದರು.

"ತಪ್ಪು ತಿಳ್ಕೋಬೇಡಿ ಸರ್..."

"ಅಯ್ಯೋ, ಅದಕ್ಕಲ್ಲಮ್ಮ. ನಮ್ಮನೆ ಅಡುಗೆಮನೆ ತುಂಬ ಇರುವೆ. 'ಜೀವಮಾನವೆಲ್ಲ ಇವುಗಳ ದಾರಿ ಹುಡುಕಿದ್ರಲ್ಲ, ಒಂದ್ಸಲ ಇವಕ್ಕೆ ಹೊರಗೆ ಹೋಗೋ ದಾರಿ ತೋರ್ಸಿ' ಅಂತ ನಮ್ಮನೆಯವಳು ದಿನಾ ಹಂಗಿಸ್ತಾಳೆ. ನೀನೊಂದ್ಸಲ ಬಂದು ನೋಡ್ತೀಯಾ? ಆ ಮೇಡಂ ಕಿವಿಗೆ ಮಾತ್ರ ಬೀಳಬಾರದು."

ಆ ಭಾನುವಾರ ಚುಕ್ಕಿ ಅವರ ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯುವ ತೊಟ್ಟಿಯ ಹಿಂದಿನ ಬಿರುಕು ಮುಚ್ಚಿ, ಸಾಲು ನಡೆಯುತ್ತಿದ್ದ ಗೋಡೆಯನ್ನು ಸೋಪಿನ ನೀರಲ್ಲಿ ಒರೆಸಿದಳು. ವಿಷದ ಹನಿಯನ್ನೂ ಬಳಸಲಿಲ್ಲ; ಅಷ್ಟು ಋಣ ಇರುವೆಗಳದ್ದು ಅವಳ ಮೇಲಿತ್ತು. ಮರುದಿನವೇ ಸರ್ ಪತ್ರ ಹೋಯಿತು. ನಾಲ್ಕು ಪುಟ.

ಸಂದರ್ಶನದ ದಿನ ಎದುರಿಗೆ ಮೂವರು ಕೂತಿದ್ದರು. ನಡುವೆ ಇದ್ದ ಬೆಳ್ಳಿಗೂದಲಿನ ಮುಖ್ಯಸ್ಥೆ ಎರಡೂ ಪತ್ರಗಳನ್ನು ಅಕ್ಕಪಕ್ಕ ಹರಡಿ, ಕನ್ನಡಕದ ಮೇಲಿಂದ ನೋಡಿದರು.

"ನೀವು ಕಲ್ಲಿನ ಹಾಗೆ ಶಾಂತ, ಮಾತೇ ಆಡಲ್ಲ ಅಂತಾರೆ ಇವರು. ನಿಮ್ಮ ಮಾತಿಂದಾನೇ ಲ್ಯಾಬ್ ನಡೀತಿತ್ತು ಅಂತಾರೆ ಅವರು. ಅದೂ ಹೋಗಲಿ. ಎರಡರಲ್ಲೂ ಮೊದಲ ಪುಟ ಮಾತ್ರ ನಿಮ್ಮ ಬಗ್ಗೆ. ಉಳಿದದ್ದೆಲ್ಲ ಇವರನ್ನ ಅವರು, ಅವರನ್ನ ಇವರು ಬೈಕೊಂಡಿದ್ದಾರೆ. ಏನಮ್ಮ ಇದು?"

ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ ಇರಬೇಕು ಎಂದುಕೊಂಡಳು ಚುಕ್ಕಿ. ಇನ್ನೊಂದು ಸುಳ್ಳಿಗೆ ಧೈರ್ಯ ಸಾಲದೆ, ಎರಡು ಪುಟದಿಂದ ನಾಲ್ಕು ಪುಟದವರೆಗಿನ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಅಡುಗೆಮನೆಯ ಸಂಗತಿಯನ್ನು ಮಾತ್ರ ನುಂಗಿಕೊಂಡಳು. ಕೊಟ್ಟ ಮಾತು ಕೊಟ್ಟ ಮಾತೇ.

ಮೂವರಲ್ಲಿ ಒಬ್ಬರು ಕೆಮ್ಮಿದ ಹಾಗೆ ನಕ್ಕರು. ಮುಖ್ಯಸ್ಥೆ ಪತ್ರಗಳನ್ನು ಪಕ್ಕಕ್ಕೆ ಸರಿಸಿದರು. "ಸರಿ. ಇಷ್ಟು ಪುಟದಲ್ಲಿ ಸಿಗದೇ ಇದ್ದದ್ದನ್ನ ನೀವೇ ಹೇಳಿ. ಏನು ಮಾಡಬೇಕು ಅಂತಿದೀರಿ?"

ಆಗ ಚುಕ್ಕಿ ಫೋನೆತ್ತುವ ಕೆಲಸದ ಬಗ್ಗೆ ಹೇಳತೊಡಗಿದಳು. ಒಂದು ಮನೆಗೆ ಔಷಧಿ ಹೊಡೆದ ವಾರದಲ್ಲೇ ಪಕ್ಕದ ಮನೆಯವರ ಫೋನು ಬರುತ್ತದೆ. ಓಡಿಸಿದ ಗೂಡು ಎಲ್ಲಿಗೆ ಹೋಗುತ್ತದೆ, ರಾಣಿಯನ್ನು ಎತ್ತಿಕೊಂಡು ಹೋಗುವವರು ಯಾರು, ದಾರಿ ಆರಿಸುವವರು ಯಾರು? ಇದು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹೇಳುತ್ತ ಹೇಳುತ್ತ ಭಯ ಮರೆತು, ಮೇಜಿನ ಮೇಲೆ ಬೆರಳಿನಿಂದ ಮನೆಗಳನ್ನು ಬರೆದು ತೋರಿಸಿದಳು. ಮುಖ್ಯಸ್ಥೆ ಬಾಗಿ ನೋಡುತ್ತಿದ್ದರು.

ಸೀಟು ಸಿಕ್ಕಿತು. ಇಬ್ಬರು ಗುರುಗಳಿಗೂ ಫೋನ್ ಮಾಡಿ ತಿಳಿಸಿದಳು. "ನನ್ನ ಪತ್ರ ನೋಡಿ ಕೊಟ್ಟಿದ್ದಾರೆ" ಅಂದರು ಮೇಡಂ. "ನಂದು ನಾಲ್ಕು ಪುಟ ಇತ್ತಲ್ಲ!" ಅಂದರು ಸರ್.

ಕೆಲವು ದಿನ ಕಳೆದು ಒಂದು ಸಂಜೆ, ಮಗಳ ತಲೆ ಬಾಚುತ್ತಿದ್ದಾಗ ಮೇಡಂ ಫೋನು ಬಂತು. "ಎರಡು ಪುಟ ಬರೀತೀನಿ ಅಂತ ಇವರು ನಿಂಗೆ ಯಾವಾಗ ಹೇಳಿದ್ರು?"

ಅಷ್ಟರಲ್ಲಿ ಮೇಡಂ ಹಿಂದಿನಿಂದ ಸರ್ ದನಿ ಕೇಳಿತು: "ಹೇಳೇ ಇರಲಿಲ್ಲ ಅಂತಿದೀನಲ್ಲ! ನಾನು ಬಾಯೇ ಬಿಟ್ಟಿರಲಿಲ್ಲ!"

"ನೀವು ಸುಮ್ನಿರಿ, ನಾನು ಕೇಳ್ತಿದೀನಿ."

"ನೀವೇ ಸುಮ್ನಿರಿ, ಸುಳ್ಳು ಹೇಳಿದ್ದು ನನ್ನ ಹೆಸರಲ್ಲಿ!"

ಯಾರ ಪತ್ರದಿಂದ ಸೀಟು ಬಂತು ಎಂದು ತೀರ್ಮಾನಿಸಲು ಅವರು ವರ್ಷಗಳ ಮೇಲೆ ಎದುರಾಬದುರು ಬಾಯಿಬಿಟ್ಟು ಜಗಳಕ್ಕೆ ಕೂತಿದ್ದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಅವಳನ್ನು ಬೈದರು. ಚುಕ್ಕಿ ಬಾಚಣಿಗೆ ಕೈಯಲ್ಲಿ ಹಿಡಿದೇ, ತುಟಿ ಕಚ್ಚಿಕೊಂಡು, ಅಷ್ಟನ್ನೂ ಕೇಳಿಸಿಕೊಂಡಳು.

ಫೋನಿಟ್ಟ ಮೇಲೆ ಅತ್ತೆ ಒಳಗಿನಿಂದ ಕೂಗಿದರು, "ಯಾರೇ ಅದು? ಮೇಡಮ್ಮಾ, ಸರ್ರಾ?"

"ಇಬ್ಬರೂ ಅತ್ತೆ" ಅಂದಳು ಚುಕ್ಕಿ. ಆಮೇಲೆ ತಡೆಯಲಾರದೆ ನೆಲದ ಮೇಲೇ ಕೂತು ನಗತೊಡಗಿದಳು.