ಚಹಾ ಕುಡಿಯದ ಕಾಕಾ

ಅಪ್ಪನಿಂದ ಮಗನಿಗಷ್ಟೇ ಇಳಿಯುವ ಡಿಎನ್ಎ ಎಲ್ಲಿ ಹುಟ್ಟಿತು, ಹೇಗೆ ಹರಡಿತು ಅಂತ ಹುಡುಕೋದು ನನ್ನ ಕೆಲಸ. ಉಪ್ಪಿನಬೆಟಗೇರಿಯ ಕಾಕಾ ಒಬ್ಬರನ್ನು, ಚಹಾ ಕುಡಿದರೆ ಮಾದರಿ ಕೆಡುತ್ತದೆ ಅಂತ ತಡೆದು, ಅವರ ಗಲ್ಲದ ಒಳಗೆ ಹತ್ತಿಕಡ್ಡಿ ಆಡಿಸಿದೆ.

“ನಿಮ್ಮ ಮಗಂದು ಬ್ಯಾರೆ ಬೇಕಿಲ್ರಿ. ನಿಮ್ಮದ ಅವರಿಗೂ ಬಂದಿರತೈತಿ,” ಅಂದೆ.

“ಇದ್ದೊಬ್ಬ ಮಗ, ಮದುವಿ ಆಗೂಕಿಂತ ಮೊದಲ, ಹೋದ ವರ್ಷ ತೀರಿಕೊಂಡಾನ್ರಿ.” ಆಮೇಲೆ ಮೆಲ್ಲಗೆ ಕೇಳಿದರು, “ಅವಂದು ಇನ್ನೂ ನನ್ನ ಬಾಯಾಗ ಐತೇನ್ರಿ?”

“ಐತ್ರಿ.”

ಅವರ ಮನೆಯವರು ಚಹಾ ತಂದರು. ಇನ್ನು ಕುಡೀಬಹುದು ಅಂದರೂ ಕಾಕಾ ಕಪ್ಪು ಹಿಡಿದೇ ಕೂತರು.

“ಕುಡದ್ರ ತೊಳಕೊಂಡು ಹೋಗಂಗಿಲ್ಲಲ್ರಿ?”

“ಸಾವಿರಾರು ವರ್ಷ ನಡಕೊಂತ ಬಂದೈತ್ರಿ, ಚಹಾಕ್ಕ ಹೋಗಂಗಿಲ್ಲ,” ಅಂದೆ.

ಇಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ ಅಂತ ಅವರು ಕೇಳಲಿಲ್ಲ, ಪುಣ್ಯಾತ್ಮರು.