ನಡುಮನೆಯಲ್ಲಿ ನಿಲ್ಲಿಸಿದ ಮೈಕ್

ಗಂಟಲಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಗುತ್ತದೆ ಎಂದು ಕಲಬುರಗಿಯ ಡಾಕ್ಟರು ಹೇಳಿದಾಗ ನಮ್ಮ ಅಕ್ಕನಿಗೆ ಹಾಡಲು ಉಳಿದದ್ದು ಎಂಟು ದಿನ. ಅವ್ವ ಬೀಸುವಾಗ ಹಾಡುತ್ತಿದ್ದ ಪದಗಳು ಈಗ ಅಕ್ಕನೊಬ್ಬಳ ಬಾಯಲ್ಲೇ ಉಳಿದಿದ್ದವು. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಶಹಾಬಾದಿನ ಕಲ್ಲಿನ ಕೆಲಸಕ್ಕೆ ಹೋದವನು. ಅಕ್ಕ ಸಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಬರೆದಿಡುವ ವಿಚಾರ ಇಬ್ಬರಿಗೂ ಹೊಳೆಯಲಿಲ್ಲ. ರೆಕಾರ್ಡ್ ಮಾಡೋಣ ಎಂದೆ, ಅದೂ ಒಳ್ಳೆಯ ಮೈಕ್‌ನಲ್ಲಿ.

ಮೈಕ್ ಕೊಳ್ಳಲು ಹೋದರೆ ಅಂಗಡಿಯವನು ಮೊದಲು ಕೇಳಿದ್ದೇ ಬೇರೆ.

“ಹಾಡೋ ಖೋಲಿ ಹ್ಯಾಂಗದರಿ?”

“ನೆಲ ಫರ್ಸಿಕಲ್ಲು, ಗೋಡಿ ಫರ್ಸಿಕಲ್ಲು. ಎಲ್ಲಾ ನಾನೇ ಕಡದು, ಪಾಲಿಶ್ ಹೊಡದು ಕುಂದ್ರಿಸಿದ್ದು.”

“ಹಂಗಿದ್ರ ಈ ಕೈಮೈಕ್ ಒಯ್ರಿ. ಬಾಯಿ ಹತ್ರ ಹಿಡದ್ರ ಬಾಯಿಂದಷ್ಟೇ ತಗೋತದ. ಆ ದೊಡ್ಡದು ಭಾಳ ನಾಜೂಕ್. ಗೋಡಿಗಿ ಬಡದು ಬಂದಿದ್ದೂ ಕೇಳಿಸ್ಕೋತದ.”

“ಕೈಮೈಕ್ ಭಜನಿಯವರಿಗಿ ಕೊಡ್ರಿ. ನಮ್ಮ ಅಕ್ಕಗ ದೊಡ್ಡದೇ ಬೇಕು.”

“ಒಯ್ರಿ ಸಾವ್ಕಾರ್ರ. ಆದ್ರ ಗೋಡಿಗಿ ದಪ್ಪ ಬಟ್ಟಿ ಕಟ್ರಿ, ಮೈಕ್ ಬಾಯಿಗಿ ಒಂದು ಗೇಣಿನಾಗ ಇಡ್ರಿ.”

ಓದಿಲ್ಲದವನೆಂದು ಪಾಠ ಹೇಳುತ್ತಿದ್ದಾನೆ ಅನ್ನಿಸಿ, ಹೂಂ ಹೂಂ ಎಂದು ಬಂದುಬಿಟ್ಟೆ.

ಮನೆಗೆ ಕಿಮ್ಮತ್ತಿನ ಸಾಮಾನು ಬಂದರೆ ನಡುಮನೆಯಲ್ಲಿಡುವುದು ನಮ್ಮ ರೂಢಿ. ಒಂದು ಕಲ್ಲಿಗೆ ತೂತು ಕೊರೆದು, ಕಬ್ಬಿಣದ ಸಲಾಕೆ ನಿಲ್ಲಿಸಿ, ಅದರ ತುದಿಗೆ ಮೈಕ್ ಬಿಗಿದು, ಮೈಕಿನ ವೈರನ್ನು ಫೋನಿಗೆ ಸಿಕ್ಕಿಸಿದೆ. ತೂಗುಗುಂಡು ಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ವಾಲಿರಲಿಲ್ಲ. ಅಕ್ಕ ಒಂದು ಮಾರು ದೂರ, ಗೋಡೆಗೆ ಬೆನ್ನು ಕೊಟ್ಟು ಕುಳಿತಳು.

“ತಮ್ಮಾ, ಅಂಗಡಿಯಂವ ಬಟ್ಟಿ ಕಟ್ಟು ಅಂದಾನಂತ ನೀನೇ ಹೇಳಿದೆಲ್ಲೋ. ಕೌದಿ ತರ್ತೀನಿ ತಡಿ.”

“ನನ್ನ ಕಲ್ಲಿಗಿ ಏನ್ ಚಳಿಜ್ವರ ಬಂದದೇನಕ್ಕಾ, ಕೌದಿ ಹೊಚ್ಚಾಕ?”

ನಕ್ಕಳು, ಕೆಮ್ಮು ಬಂತು. ಆದರೂ ಆಕೆಯೇ ಎದ್ದು ಎರಡು ಕೌದಿ ತಂದು ನೇತುಹಾಕಿಸಿದಳು. ಒಂದು ಪದ ಹಾಡಿ ಫೋನಿನಲ್ಲಿ ಕೇಳಿದೆವು. ದನಿ ಸಣ್ಣದಾಗಿ, ಒಣಗಿದಂತೆ ಇತ್ತು. ಕೌದಿ ತೆಗೆದು ಅದನ್ನೇ ಹಾಡಿಸಿದೆ. ಈಗ ಖೋಲಿಯೆಲ್ಲ ಗುಂಯ್ ಎಂದಿತು.

ನಮ್ಮ ಕೆಲಸದಲ್ಲಿ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತೇವೆ. ಖಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆ ಸೀಳು. ಮೂವತ್ತು ವರ್ಷ ಈ ಕಿವಿ ನನಗೆ ಮೋಸ ಮಾಡಿರಲಿಲ್ಲ.

“ಇದು ಗಟ್ಟಿ ದನಿ ಅಕ್ಕಾ. ಗುಡಿಯಾಗ ಹಾಡಿದಂಗ ಬಂದದ. ಕೌದಿ ಮಡಚಿಡು.”

“ನೀ ಅಂದಂಗ. ಕಲ್ಲಿಂದು ನಿನಗಲ್ದ ಇನ್ನಾರಿಗಿ ತಿಳೀತದಪಾ.”

ನಾಲ್ಕು ದಿನ ಹಾಡಿದಳು. ನೋವಿಗೆ ನಡುನಡುವೆ ಗೋಡೆಗೆ ತಲೆಯಾನಿಸುತ್ತಿದ್ದಳು. ಪೂರ್ತಿ ಕೇಳುವ ಕೆಲಸವನ್ನು ಆಮೇಲಿನದು ಎಂದು ಬಿಟ್ಟೆ.

ಆಪರೇಷನ್ ಆಗಿ ಅಕ್ಕ ಮನೆಗೆ ಬಂದ ಮೇಲೆ ಒಂದು ದಿನ ಎಲ್ಲವನ್ನೂ ಕಿವಿಗೊಟ್ಟು ಕೇಳಿದೆ. ರಾಗ ಇತ್ತು. ಮಾತು ಇರಲಿಲ್ಲ. ಒಂದು ಸಾಲು ಮುಗಿಯುವ ಮೊದಲೇ ಅದರ ಪ್ರತಿಧ್ವನಿ ಮುಂದಿನ ಸಾಲಿನ ಮೇಲೆ ಬೀಳುತ್ತಿತ್ತು. ಒಂದು ಮಾರು ದೂರದ ಬಾಯಿಗಿಂತ ಗೋಡೆಗಳೇ ಜೋರಾಗಿ ಹಾಡಿದ್ದವು. ಕೌದಿ ಕಟ್ಟಿದಾಗಿನ ಆ ಒಂದು ಪದದಲ್ಲಿ ಮಾತ್ರ ಅಕ್ಷರಗಳು ತಿಳಿಯುತ್ತಿದ್ದವೋ ಏನೋ. ಅದನ್ನು ಅವತ್ತೇ ಅಳಿಸಿದ್ದೆ.

ಅಕ್ಕನ ಮುಂದೆ ಕುಳಿತು ಫೋನ್ ಹಚ್ಚಿದೆ.

“ಇಲ್ಲಿ ಏನಂದಿ ಅಕ್ಕಾ? ಈ ಸಾಲಿನ್ಯಾಗ?”

ಕೊರಳಿಗೆ ಪಟ್ಟಿ ಸುತ್ತಿಕೊಂಡಿದ್ದ ಆಕೆ ಬಾಯಿ ತೆರೆದಳು. ತುಟಿಗಳು ಸಾವಕಾಶ, ಒಂದೊಂದೇ ಮಾತಿಗೆ ಅಲ್ಲಾಡಿದವು. ಉಸಿರು ಕೊರಳಿನ ತೂತಿನಿಂದ ಹೋಗುತ್ತಿತ್ತು. ನನಗೇನೂ ತಿಳಿಯಲಿಲ್ಲ. ಇನ್ನೊಮ್ಮೆ ಎಂದೆ. ಆಕೆ ಇನ್ನೊಮ್ಮೆ ತುಟಿಯಾಡಿಸಿದಳು. ಮೂರನೆಯ ಸಲಕ್ಕೆ, ನನ್ನ ಮುಖ ನೋಡಿ, ತಿಳಿಯಿತೇನು ಎಂದು ಹುಬ್ಬೇರಿಸಿದಳು.

ತಿಳಿಯಿತು ಎಂದು ತಲೆಯಾಡಿಸಿದೆ.