ದೆವ್ವಗಳಿಗೆ ಮಾರ್ಕ್ಸ್ ಕೊಟ್ಟ ಭಾನುವಾರ

ಹೋದ ತಿಂಗಳು ಒಂದು ಭಾನುವಾರ ನಾನು ದೆವ್ವಗಳಿಗೆ ಮಾರ್ಕ್ಸ್ ಕೊಡಲು ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಿ ಠಾಣೆಗೆ ಹೋಗಿದ್ದೆ.

ನಗಬೇಡಿ. ಲೈಟ್ ಆರಿಸಿ ಮಲಗಲು ಹೆದರುವ ಹೆಂಗಸು ನಾನು ಎಂಬುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತು. ಆದರೆ ನಮ್ಮ ಕನ್ನಡ ಸಂಘದವರು ಈ ಸಲ ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಾಗಿ ಕಿರುಚಿತ್ರ ಸ್ಪರ್ಧೆ ಇಟ್ಟಿದ್ದರು. ವಿಷಯ: ಹಾರರ್. (ಹಿಂದಿನ ವರ್ಷ ಪರಿಸರ ಎಂದು ಇಟ್ಟಾಗ ಯಾರೂ ತಿರುಗಿ ನೋಡಲಿಲ್ಲವಂತೆ.) ಜಡ್ಜ್‌ಗಳು ಮೂವರು. ಬ್ಯಾಂಕಿನಿಂದ ನಿವೃತ್ತರಾದ, ಧಾರವಾಡದ ಕಡೆಯ ದೇಸಾಯಿ ಸರ್ ಒಬ್ಬರು. ವಾಶಿಯಲ್ಲಿರುವ ಬೆಂಗಳೂರಿನ ಕಿರಣ್ ಇನ್ನೊಬ್ಬರು. ಇವರು ಯಾವುದೋ ವೆಬ್‌ಸೈಟಿಗೆ ಪ್ರತಿ ಶುಕ್ರವಾರ ಸಿನಿಮಾ ನೋಡಿ ಸ್ಟಾರ್ ಕೊಡುವವರು. ಮೂರನೆಯವಳು ನಾನು. "ಒಬ್ಬರು ಲೇಡೀಸ್ ಬೇಕಲ್ಲ ಮೇಡಂ," ಎಂದು ಕಾರ್ಯದರ್ಶಿಗಳು ಫೋನಿನಲ್ಲೇ ನಿಜ ಹೇಳಿಬಿಟ್ಟಿದ್ದರು.

ಹೊರಡುವ ಮುಂಚೆಯೇ ಒಂದು ಇಕ್ಕಟ್ಟು ಎದುರಾಯಿತು.

ಶುಕ್ರವಾರ ಸಂಜೆ ಸ್ಟೇಷನ್ ಹತ್ತಿರ ತರಕಾರಿ ಕೊಳ್ಳುವಾಗ ವಾರಿಜಕ್ಕ ಸಿಕ್ಕಿದರು. ಅವರ ಗಂಡ ಸದಾಶಿವಣ್ಣನ ವೆಜಿಟೇರಿಯನ್ ಹೋಟೆಲು ಠಾಕುರ್ಲಿಯಲ್ಲಿದೆ. ಇಬ್ಬರೂ ಉಡುಪಿಯ ಕಡೆಯವರು. ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ಅಶ್ವಿನಿ ಎರಡು ವರ್ಷದ ಹಿಂದೆ ಜ್ವರ ಎಂದು ಮಲಗಿದವಳು ಏಳಲಿಲ್ಲ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಉಳಿದವಳು ನಿಶ್ಮಿತಾ.

ನಾನು ಜಡ್ಜ್ ಎಂಬುದು ವಾರಿಜಕ್ಕನಿಗೆ ಗೊತ್ತಿರಲಿಲ್ಲ. ಕೊತ್ತಂಬರಿ ಆರಿಸುತ್ತಾ ಹೇಳಿದರು:

"ನಿಶ್ಮಿತಾ ಒಂದು ಸಿನಿಮಾ ಮಾಡಿದ್ದಾಳೆ ಮಾರಾಯ್ತಿ. ಅಶ್ವಿನಿದ್ದು. ನನ್ನನ್ನೂ ನಿಲ್ಲಿಸಿದ್ದಾಳೆ ಅದ್ರಲ್ಲಿ. ಇವರು ನೋಡುದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಹಾಕಿದ್ರೆ ಎದ್ದು ಹೋಟ್ಲಿಗೆ ಹೋಗ್ತಾರೆ. ಅವಳು ಹೋದ ಮೇಲೆ ಅವಳ ಹೆಸರು ಇವರ ಬಾಯಿಂದ ನಾನು ಕೇಳ್ಲಿಲ್ಲ. ಫಸ್ಟ್ ಬಂದ ಸಿನಿಮಾವನ್ನು ಸಂಘದ ವಾರ್ಷಿಕೋತ್ಸವದಲ್ಲಿ ತೋರಿಸ್ತಾರಂತೆ. ಇವರು ಕಮಿಟಿಯಲ್ಲಿದ್ದಾರಲ್ಲ, ಎದುರಿನ ಸಾಲು. ಅಲ್ಲಿಂದ ಎದ್ದು ಹೋಗ್ಲಿಕ್ಕೆ ಆಗುದಿಲ್ಲ."

ಅಷ್ಟು ಹೇಳಿ ವಾರಿಜಕ್ಕ ಕೊತ್ತಂಬರಿ ಸೊಪ್ಪನ್ನು ನನ್ನ ಚೀಲಕ್ಕೇ ಹಾಕಿದರು.

ಮನೆಗೆ ಬಂದವಳೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಸ್ಪರ್ಧೆಯಲ್ಲಿ ನನಗೆ ಪರಿಚಯದವರು ಇದ್ದಾರೆ, ನನ್ನನ್ನು ಬಿಟ್ಟುಬಿಡಿ ಎಂದೆ. "ಪರಿಚಯ ಇಲ್ಲದ ಕನ್ನಡಿಗರನ್ನು ಡೊಂಬಿವಲಿಯಲ್ಲಿ ಎಲ್ಲಿಂದ ತರ್ಲಿ ಮೇಡಂ?" ಎಂದರು ಅವರು. ಅದೂ ನಿಜವೇ.

ಭಾನುವಾರ ಠಾಣೆಯ ದೇಸಾಯಿ ಸರ್ ಮನೆಯಲ್ಲಿ ಚಹಾ, ಚೂಡಾ, ಕಿಟಕಿಗೆ ಎಳೆದ ಪರದೆ. ಮಾಡಿದವರ ಹೆಸರು ನಮಗೆ ಹೇಳಿರಲಿಲ್ಲ. ಆದರೆ ಒಂದು ಸಿನಿಮಾದಲ್ಲಿ ವಾರಿಜಕ್ಕನ ಕೈಬಳೆ ಕಂಡ ಕೂಡಲೇ ನನಗೆ ಗೊತ್ತಾಯಿತು.

ಸಿನಿಮಾದ ಕತೆ ಹೇಳುವ ಮೊದಲು ಒಂದು ಮಾತು. ನಮ್ಮ ತುಳುನಾಡಿನ ಎಷ್ಟೋ ಮನೆಗಳಲ್ಲಿ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ಸತ್ತವರಿಗೆ ಬಡಿಸುವ ಕ್ರಮವಿದೆ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ನೀರಿಟ್ಟು, ಬಾಗಿಲೆಳೆದು ಮನೆಯವರೆಲ್ಲ ಹೊರಗೆ ಬಂದು ನಿಲ್ಲಬೇಕು. ಅವರು ನೆಮ್ಮದಿಯಿಂದ ಉಣ್ಣಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಉಣ್ಣುತ್ತಾ ಕೂತವರ ಮೇಲೆ ಏಕಾಏಕಿ ನುಗ್ಗಬಾರದಲ್ಲ? ಊರಿನಲ್ಲಾದರೆ ನಿಲ್ಲಲು ಅಂಗಳವಿದೆ. ಡೊಂಬಿವಲಿಯ ಒನ್ ರೂಮ್ ಕಿಚನ್‌ನವರು ಎಲ್ಲಿ ನಿಲ್ಲಬೇಕು? ಲಿಫ್ಟಿನ ಎದುರು, ಪ್ಯಾಸೇಜಿನಲ್ಲಿ.

ನಿಶ್ಮಿತಾ ತೆಗೆದದ್ದು ಅಷ್ಟನ್ನೇ. ಬಾಳೆಲೆ. ನೀರುದೋಸೆ, ಬಂಗುಡೆ ಮೀನಿನ ಪುಳಿಮುಂಚಿ. ಎಲೆಯ ತುದಿಯಲ್ಲಿ ಒಂದು ವಡಾಪಾವ್. (ಇಲ್ಲಿ ಹುಟ್ಟಿದ ಹುಡುಗಿಗೆ ಮತ್ತೇನು ಇಷ್ಟವಿರುತ್ತದೆ?) ತಾಯಿ ವಡಾಪಾವಿನ ಜೊತೆಗಿದ್ದ ಹಸಿಮೆಣಸನ್ನು ತೆಗೆದು ಪಕ್ಕಕ್ಕಿಡುತ್ತಾಳೆ. ಅದು ಆಗುವುದಿಲ್ಲ ಮಗಳಿಗೆ. ಬಾಗಿಲೆಳೆದುಕೊಂಡು ಹೊರಗೆ ಬಂದು ನಿಲ್ಲುತ್ತಾಳೆ. ಪಕ್ಕದ ಮನೆಯಾಕೆ ಬಾಗಿಲು ತೆರೆದು, "ಚಾವಿ ಹರವಲೀ ಕಾ, ವಹಿನೀ?" ಎನ್ನುತ್ತಾಳೆ. ಬೀಗದ ಕೈ ಕಳೆದುಹೋಯಿತೇ ಎಂದು.

"ನಾಹೀ," ಎನ್ನುತ್ತಾಳೆ ತಾಯಿ. "ಆತ ಮುಲಗೀ ಜೇವತೇಯ್."

ಇಲ್ಲ, ಒಳಗೆ ಮಗಳು ಊಟ ಮಾಡುತ್ತಿದ್ದಾಳೆ.

ಪಕ್ಕದ ಮನೆಯಾಕೆಗೆ ಆ ಮಗಳು ಇಲ್ಲವೆಂದು ಗೊತ್ತು. ಮೆಲ್ಲನೆ ಒಳಗೆ ಹೋಗುತ್ತಾಳೆ, ಚಿಲಕ ಹಾಕಿದ ಸದ್ದು ಕೇಳುತ್ತದೆ. ತಾಯಿ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಾಳೆ. ಒಳಗೆ ಏನೂ ಸದ್ದಿಲ್ಲ. ಲಿಫ್ಟ್ ಬರುತ್ತದೆ, ಹೋಗುತ್ತದೆ. ಕೊನೆಗೆ ಬಾಗಿಲು ತಟ್ಟುತ್ತಾಳೆ. ಇನ್ನೊಮ್ಮೆ ತಟ್ಟುತ್ತಾಳೆ. ಬೀಗದ ಕೈ ಅವಳ ಕೈಯಲ್ಲೇ ಇದೆ. ಆದರೆ ಬೀಗ ತೆಗೆಯುವುದಿಲ್ಲ. ಒಳಗಿನಿಂದ ಯಾರಾದರೂ ತೆರೆಯಲಿ ಎಂದು ಕಾಯುತ್ತಾ ನಿಂತಿರುತ್ತಾಳೆ. ಸಿನಿಮಾ ಅಲ್ಲಿಗೆ ಮುಗಿಯಿತು.

ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಕಿರಣ್ ಕಿಟಕಿಯ ಪರದೆ ಸರಿಸಿದರು. "ದೆವ್ವ ಎಲ್ಲಿ ಮೇಡಂ? ಅಷ್ಟು ಹೊತ್ತು ಬರೀ ಬಾಗಿಲು ನೋಡಿದ್ವಿ. ಲೇಡೀಸ್ ಸೆಂಟಿಮೆಂಟ್ ವರ್ಕ್ ಆಗಿದೆ, ಒಪ್ಕೋತೀನಿ. ಆದ್ರೆ ಇದು ಫ್ಯಾಮಿಲಿ ಡ್ರಾಮಾ. ಹಾರರ್ ಅಲ್ಲ."

ದೇಸಾಯಿ ಸರ್ ಕನ್ನಡಕ ತೆಗೆದು ಒರೆಸುತ್ತಿದ್ದರು. "ಕಣ್ಣಾಗ ನೀರು ಬಂದ್ವು ನೋಡ್ರಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಅಂಜಿಕಿ ಬರ್ಲಿಲ್ಲ. ನಾವು ಮಾರ್ಕ್ಸ್ ಕೊಡೂದು ಅಂಜಿಕೀಗೆ ಅಲ್ಲೇನ್ರಿ?"

ಅವರಿಬ್ಬರಿಗೂ ಹಿಡಿಸಿದ್ದು ನಾಲ್ವರು ಹುಡುಗರು ತಾವೇ ನಟಿಸಿ ಮಾಡಿದ ಇನ್ನೊಂದು ಚಿತ್ರ. ವಾಗ್ಳೆ ಎಸ್ಟೇಟಿನ ಮುಚ್ಚಿದ ಫ್ಯಾಕ್ಟರಿ. ಹಿಂದೆ ಅಲ್ಲಿ ಶಿಫ್ಟ್ ಮುಗಿಸಿ ಹೊರಟ ಹುಡುಗಿಯನ್ನು ಯಾರೋ ಕೊಂದಿರುತ್ತಾರೆ. ಅವಳು ಕೂದಲು ಬಿಚ್ಚಿಕೊಂಡು ಬಂದು ಕಾವಲುಗಾರರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾಳೆ. ಕೊನೆಗೆ ಹೀರೋ ಅವಳ ದುಪ್ಪಟ್ಟಾ ಹುಡುಕಿ ಸುಡುತ್ತಾನೆ, ಅವಳೂ ಉರಿದುಹೋಗುತ್ತಾಳೆ. ಲೈಟಿಂಗ್ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ನಾನೂ ಎರಡು ಸಲ ಸೆರಗು ಮುಖಕ್ಕೆ ಅಡ್ಡ ಹಿಡಿದೆ.

ಆದರೆ ಕೇಳಿದೆ. "ಆ ಹುಡುಗಿಯನ್ನು ಕೊಂದವರು ಯಾರು ಅಂತ ಸಿನಿಮಾದಲ್ಲಿ ಎಲ್ಲೂ ಬರುವುದಿಲ್ಲವಲ್ಲ?"

"ಅದು ಬ್ಯಾಕ್‌ಸ್ಟೋರಿ ಮೇಡಂ," ಎಂದರು ಕಿರಣ್.

ಸತ್ತದ್ದು ಬ್ಯಾಕ್‌ಸ್ಟೋರಿ, ಸುಟ್ಟದ್ದು ಕ್ಲೈಮ್ಯಾಕ್ಸ್. ನನಗೆ ಸಿಟ್ಟು ಬಂತು. ದೆವ್ವ ಬಂದುಬಿಡುತ್ತದೇನೋ ಎಂದು ಗಂಡಸು ಹೆದರಿದರೆ ಅದು ಹಾರರ್. ಬರಲೇ ಇಲ್ಲವಲ್ಲ ಎಂದು ಹೆಂಗಸು ಹೆದರಿದರೆ ಅದು ಸೆಂಟಿಮೆಂಟ್. ಯಾರು ಮಾಡಿದ ವಿಂಗಡಣೆ ಇದು? ಕಿರಣ್ ಬರೆಯುವಂಥ ವಿಮರ್ಶೆಗಳನ್ನು ನಾನೂ ಲೋಕಲ್ಲಿನಲ್ಲಿ ಕೂತು ಓದುತ್ತೇನೆ. ಯಾರಿಗೂ ಕಾಣದ್ದು ಹೀರೋಗೆ ಕಂಡರೆ ಸೈಕಲಾಜಿಕಲ್ ಥ್ರಿಲ್ಲರ್. ಹೀರೋಯಿನ್‌ಗೆ ಕಂಡರೆ, "ನಾಯಕಿಯ ಕಿರುಚಾಟ ಅತಿಯಾಯಿತು." ಅವನು ಬೆವರಿದರೆ ಅಭಿನಯ, ಇವಳು ಅತ್ತರೆ ಮೆಲೋಡ್ರಾಮಾ. ಅರ್ಧ ಸ್ಟಾರ್ ಕಟ್. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಕಿರಣ್ ಒರಟರಲ್ಲ. ಪೂರ್ತಿ ಕೇಳಿಸಿಕೊಂಡರು. "ತಪ್ಪು ತಿಳ್ಕೋಬೇಡಿ ಮೇಡಂ. ಈಗೆಲ್ಲ ಉಲ್ಟಾ ಆಗಿದೆ. ಡೈರೆಕ್ಟರ್ ಹೆಂಗಸು ಅಂತ ಗೊತ್ತಾದ್ರೆ ನಾವು ಅರ್ಧ ಸ್ಟಾರ್ ಜಾಸ್ತಿನೇ ಕೊಡ್ಬೇಕು. ಇಲ್ಲಾಂದ್ರೆ ಕಾಮೆಂಟ್‌ನಲ್ಲಿ ಮರ್ಯಾದೆ ತೆಗೀತಾರೆ. ಈ ಸಿನಿಮಾ ಹುಡುಗಿ ಮಾಡಿರೋದು ಅಂತ ನಿಮಗೂ ಅನ್ಸಿದೆ, ಅದಕ್ಕೇ ಸಪೋರ್ಟ್ ಮಾಡ್ತಿದ್ದೀರ. ಸಿನಿಮಾ ನೋಡಿ ಮಾರ್ಕ್ಸ್ ಕೊಡೋಣ. ಜೆಂಡರ್ ನೋಡಿ ಬೇಡ."

ಸುಳ್ಳೇ ಅವರು ಹೇಳಿದ್ದು? ನನಗೆ ಅದು ಹುಡುಗಿ ಮಾಡಿದ್ದೆಂದು ಗೊತ್ತಿತ್ತು. ಅನ್ನಿಸಿದ್ದಲ್ಲ, ಗೊತ್ತೇ ಇತ್ತು. ಆ ತಾಯಿ ನಟಿಯಲ್ಲ, ನಿಜವಾದ ತಾಯಿ ಎಂದೂ ಗೊತ್ತಿತ್ತು. ಆ ಎಲೆಯಲ್ಲಿ ಉಣ್ಣಬೇಕಾದವಳು ಯಾರೆಂಬುದೂ ಗೊತ್ತಿತ್ತು. ಯಾವ ಲೆಕ್ಕದಲ್ಲಿ ನಾನು ಬರೀ ಸಿನಿಮಾ ನೋಡಿದೆ?

ಇದಿಷ್ಟನ್ನೂ ಅವರಿಬ್ಬರಿಗೆ ಹೇಳಿಬಿಡಲೇ ಎಂದು ಬಾಯಿತನಕ ಬಂತು. ಹೇಳಿದ್ದರೆ ಮಾರ್ಕ್ಸ್ ಏರುತ್ತಿತ್ತು, ಅನುಮಾನವೇ ಬೇಡ. ದೇಸಾಯಿ ಸರ್ ಮರುಮಾತಿಲ್ಲದೆ ಒಪ್ಪುತ್ತಿದ್ದರು. ಆದರೆ ಆ ಮಾರ್ಕ್ಸ್ ನಿಶ್ಮಿತಾಳ ಸಿನಿಮಾಕ್ಕೆ ಸಿಕ್ಕಂತಾಗುತ್ತಿರಲಿಲ್ಲ, ಅಕ್ಕನ ಸಾವಿಗೆ ಸಿಕ್ಕಂತಾಗುತ್ತಿತ್ತು. ಹುಡುಗರ ಕಷ್ಟಕ್ಕೂ ಅದು ಅನ್ಯಾಯ. ನಾನು ಸುಮ್ಮನಿದ್ದೆ. ಮನಸ್ಸಿಗೆ ತೋಚಿದ ಮಾರ್ಕ್ಸ್ ಬರೆದು ಕೊಟ್ಟೆ. ಹುಡುಗರ ಚಿತ್ರ ಫಸ್ಟ್ ಬಂತು, ನಿಶ್ಮಿತಾಳದ್ದು ಸೆಕೆಂಡ್.

ವಾಪಸು ಬರುವಾಗ ಲೇಡೀಸ್ ಡಬ್ಬದಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಸಿಕ್ಕಿ ಏನು ಪ್ರಯೋಜನ? ಅಳು ಬಂತು. ಎದುರಿಗೆ ಕೂತ ಹೆಂಗಸು ಬಟಾಣಿ ಸುಲಿಯುವುದನ್ನು ನಿಲ್ಲಿಸಿ ನೀರಿನ ಬಾಟಲಿ ಕೊಟ್ಟಳು. ದಾರಿಯುದ್ದಕ್ಕೂ ದೇಸಾಯಿ ಸರ್ ಮಾತನ್ನೇ ಯೋಚಿಸಿದೆ. ಕಣ್ಣೀರು ಬಂತು, ಅಂಜಿಕೆ ಬರಲಿಲ್ಲ. ಅಷ್ಟು ಸಲೀಸಾಗಿ ಅವೆರಡನ್ನೂ ಬೇರೆ ಮಾಡಲು ಸಾಧ್ಯವೇ? ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ಮಗಳು ಹೊತ್ತಿಗೆ ಸರಿಯಾಗಿ ಮನೆಗೆ ಬಾರದಿದ್ದಾಗ, ನಮಗೆ ಎರಡೂ ಒಟ್ಟಿಗೇ ಬರುತ್ತವೆ. ಬಹುಶಃ ಗಂಡಸರಿಗೆ ಬೇರೆ ಬೇರೆಯಾಗಿ ಬರುವುದಕ್ಕೆ ಯಾರೋ ಚಿಕ್ಕಂದಿನಿಂದ ಕಲಿಸಿರುತ್ತಾರೆ. ಅಳಬೇಡ, ನೀನು ಹುಡುಗ ಎಂದು. ಅವರು ಅಳು ಬಂದ ಕೂಡಲೇ ಇದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಎಂದು ಪಕ್ಕಕ್ಕಿಡುತ್ತಾರೆ. ಪಾಪ, ಸದಾಶಿವಣ್ಣ ಎದ್ದು ಹೋಟೆಲಿಗೆ ಹೋಗುವುದೂ ಅದಕ್ಕೇ ಇರಬಹುದು.

ಹಾಗಾದರೆ ವಿಮರ್ಶಕರು ಹೆಣ್ಣು ಗಂಡು ನೋಡಿ ಸ್ಟಾರ್ ಕೊಡುತ್ತಾರೆಯೇ? ಬೇಕೆಂದೇ ಕೊಡುವುದಿಲ್ಲ ಎಂದೇ ನನಗನ್ನಿಸುತ್ತದೆ. ತಮಗೆ ಯಾವುದರ ಭಯವೋ ಅದಕ್ಕೆ ಕೊಡುತ್ತಾರೆ. ನಾನೂ ಅಷ್ಟೇ. ತೊಂದರೆಯೇನೆಂದರೆ, ಮೂವರ ಕೋಣೆಯಲ್ಲಿ ನನ್ನ ಭಯಕ್ಕೆ ಇದ್ದದ್ದು ಒಂದೇ ವೋಟು.

ಫಲಿತಾಂಶ ಹೊರಬಿದ್ದ ಮೇಲೆ, ನಾನೂ ಜಡ್ಜ್ ಆಗಿದ್ದೆ ಎಂದು ನಿಶ್ಮಿತಾಳಿಗೆ ಫೋನ್ ಮಾಡಿ ಹೇಳಿದೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುವವಳು. "ಚಲ್ತಾ ಹೈ ಆಂಟಿ," ಎಂದಳು, ಪರವಾಗಿಲ್ಲ ಎಂಬಂತೆ. ಅಮ್ಮ ಚೆನ್ನಾಗಿ ಮಾಡಿದ್ದಾರೆ ಎಂದೆ. "ಮಮ್ಮಿ ನೆ ಆಕ್ಟಿಂಗ್ ಕಹಾಂ ಕೀ? ಮೈನೆ ಕಟ್ ಬೋಲಾ, ಫಿರ್ ಭೀ ವೋ ಖಡೀ ಥೀ." ಅದು ಆಕ್ಟಿಂಗೇ ಅಲ್ಲವಂತೆ, ಕಟ್ ಅಂದ ಮೇಲೂ ವಾರಿಜಕ್ಕ ಬಾಗಿಲೆದುರು ನಿಂತೇ ಇದ್ದರಂತೆ.

ಮೊನ್ನೆ ಶನಿವಾರ ಸಂಜೆ ಠಾಣೆಯ ಸಭಾಂಗಣದಲ್ಲಿ ವಾರ್ಷಿಕೋತ್ಸವ. ವಾರಿಜಕ್ಕ ಬರಲಾರರು ಎಂದುಕೊಂಡಿದ್ದೆ. ಬಂದಿದ್ದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ತಲೆಗೆ ಒಂದಿಷ್ಟು ಅಬ್ಬಲಿಗೆ ಹೂ. ನನ್ನ ಪಕ್ಕದಲ್ಲೇ ಕೂತರು. ಸೋತದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಊಟಕ್ಕೆ ಏನು ಮಾಡಿದ್ದಾರಂತೆ ಎಂದು ಮಾತ್ರ ಕೇಳಿದರು. ಎದುರಿನ ಸಾಲಿನಲ್ಲಿ, ಕಮಿಟಿಯವರ ನಡುವೆ, ಎದೆಗೆ ಬ್ಯಾಜ್ ಸಿಕ್ಕಿಸಿಕೊಂಡು ಸದಾಶಿವಣ್ಣ ಕೂತಿದ್ದರು.

ಭಾಷಣಗಳು ಮುಗಿದವು. ದೀಪ ಆರಿಸಿ ಹುಡುಗರ ಚಿತ್ರ ಹಾಕಿದರು. ಸಭೆಗೆ ಬಹಳ ಹಿಡಿಸಿತು. ಕೂದಲು ಬಿಚ್ಚಿದ ಹುಡುಗಿ ಬಂದಾಗಲೆಲ್ಲ ಹಿಂದಿನ ಸಾಲಿನವರು ಸೀಟಿ ಹೊಡೆದರು. ದುಪ್ಪಟ್ಟಾಕ್ಕೆ ಬೆಂಕಿ ಬಿತ್ತು. ಅವಳು ಕಿರುಚುತ್ತಾ ಉರಿದುಹೋದಳು. ಇಡೀ ಸಭೆ ಚಪ್ಪಾಳೆ ತಟ್ಟಿತು. ಎಲ್ಲರೂ ತಟ್ಟಿದರೆಂದು ಸದಾಶಿವಣ್ಣನೂ ತಟ್ಟಿದರು. ಅವರು ತಟ್ಟುವುದನ್ನು ವಾರಿಜಕ್ಕ ನೋಡಿದರು. ಬಹಳ ಹೊತ್ತು ಅವರ ಬೆನ್ನನ್ನೇ ನೋಡಿದರು.

ಆಮೇಲೆ ನನ್ನ ಕಡೆ ತಿರುಗಿ, ಊಟದ ವಿಷಯ ಕೇಳಿದಷ್ಟೇ ಸಹಜವಾಗಿ, ಮೆಲ್ಲನೆ ಕೇಳಿದರು:

"ಅಲ್ಲ ಮಾರಾಯ್ತಿ, ಆ ದೆವ್ವಕ್ಕೆ ಅಪ್ಪ ಅಮ್ಮ ಯಾರೂ ಇರ್ಲಿಲ್ವಾ?"